ಕೇಳದೆ ಬದಲಾದ ಊರು: ಇಂಗ್ಲೆಂಡಿನ ಹೊಸ ಕೌನ್ಸಿಲ್ ಚುನಾವಣೆಗಳು ಮತ್ತು ಮೂರು ಕಥನಗಳು

2022ರ ಮೇ 5ರಂದು ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶೈರ್‌ನಲ್ಲಿ ನಡೆದ ಚುನಾವಣೆ ಮಾಮೂಲಿನದಾಗಿರಲಿಲ್ಲ. ಮತದಾರರು 90 ಮಂದಿ ಕೌನ್ಸಿಲರ್‌ಗಳನ್ನು ಆರಿಸಿದರು. ಗೆದ್ದವರು ಮೊದಲ ಒಂದು ವರ್ಷ ಹಳೆಯ ಕೌಂಟಿ ಕೌನ್ಸಿಲಿನ ಕುರ್ಚಿಗಳಲ್ಲಿ ಕೂತರು. 2023ರ ಏಪ್ರಿಲ್ 1ರಿಂದ ಅವರೇ ಹೊಸದೊಂದು ಸಂಸ್ಥೆಯ ಸದಸ್ಯರಾದರು. ಆ ಸಂಸ್ಥೆ ಹುಟ್ಟುವ ಹೊತ್ತಿಗೆ ಕ್ರೇವನ್, ಹ್ಯಾಂಬಲ್ಟನ್, ಹ್ಯಾರೋಗೇಟ್, ರಿಚ್ಮಂಡ್‌ಶೈರ್, ರೈಡೇಲ್, ಸ್ಕಾರ್ಬರೋ, ಸೆಲ್ಬಿ ಎಂಬ ಏಳು ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳು ಇಲ್ಲವಾದವು. ಕನ್ಸರ್ವೇಟಿವ್ ಪಕ್ಷಕ್ಕೆ 47 ಸ್ಥಾನ ಬಂತು, ಅಂದರೆ ಬಹುಮತಕ್ಕಿಂತ ಒಂದೇ ಸ್ಥಾನ ಹೆಚ್ಚು. ಪತ್ರಿಕೆಗಳು ಎಂದಿನಂತೆ ಯಾರು ಗೆದ್ದರು, ಯಾರು ಸೋತರು ಎಂಬ ಲೆಕ್ಕ ಕೊಟ್ಟವು. ಯಾವ ಪಕ್ಷದ ಪಟ್ಟಿಯಲ್ಲೂ ಇಲ್ಲದೆ ಸೋತುಹೋದದ್ದು ಇನ್ನೊಂದಿದೆ. ಅದರ ಬಗ್ಗೆ ಇಂಗ್ಲಿಷಿನ ಕಥೆಗಾರರು ರಾಜಕಾರಣಿಗಳಿಗಿಂತ ಮೊದಲೇ ಯೋಚಿಸಿದ್ದರು ಎಂಬುದು ಈ ಲೇಖನದ ನಂಬಿಕೆ.

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಣ. ಇಂಗ್ಲೆಂಡಿನ ಕೌಂಟಿಯನ್ನು ನಮ್ಮ ಜಿಲ್ಲೆಯ ಹಾಗೆ, ಅಲ್ಲಿನ ಡಿಸ್ಟ್ರಿಕ್ಟನ್ನು ನಮ್ಮ ತಾಲ್ಲೂಕಿನ ಹಾಗೆ ಎಂದು ಸದ್ಯಕ್ಕೆ ಭಾವಿಸಬಹುದು. 1972ರ ಕಾಯಿದೆಯ ಪ್ರಕಾರ 1974ರ ಏಪ್ರಿಲ್ 1ರಂದು ಎರಡು ಸ್ತರಗಳ ಈ ಏರ್ಪಾಡು ಜಾರಿಗೆ ಬಂತು. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಮತ್ತು ಅಂಗವಿಕಲರ ಆರೈಕೆ ಕೌಂಟಿಯ ಪಾಲು. ವಸತಿ, ಕಟ್ಟಡ ಪರವಾನಗಿ, ಕಸ ಸಂಗ್ರಹ ಡಿಸ್ಟ್ರಿಕ್ಟಿನ ಪಾಲು. ಮನೆ ಮುಂದಿನ ಕಸವನ್ನು ಒಂದು ಕೌನ್ಸಿಲ್ ಎತ್ತಿಕೊಂಡು ಹೋದರೆ ಅದನ್ನು ವಿಲೇವಾರಿ ಮಾಡುವುದು ಇನ್ನೊಂದು. ಈ ಎರಡನ್ನೂ ಒಂದೇ ಮಾಡಿ ಎಲ್ಲ ಕೆಲಸವನ್ನೂ ಒಬ್ಬರ ಕೈಗೆ ಕೊಟ್ಟರೆ ಅದು ಯೂನಿಟರಿ ಅಥಾರಿಟಿ, ಅಂದರೆ ಏಕಸ್ತರದ ಕೌನ್ಸಿಲ್. 1990ರ ದಶಕದ ನಡುವೆ ಒಂದು ಸುತ್ತು, 2009ರಲ್ಲಿ ಇನ್ನೊಂದು, 2019ರಿಂದ 2023ರವರೆಗೆ ಮಗದೊಂದು ಸುತ್ತು ಇಂಥ ಕೌನ್ಸಿಲ್‌ಗಳು ಹುಟ್ಟಿವೆ. 2024ರ ಡಿಸೆಂಬರಿನಲ್ಲಿ ಲೇಬರ್ ಸರಕಾರ ಹೊರತಂದ ಶ್ವೇತಪತ್ರವು ಎರಡು ಸ್ತರ ಉಳಿದಿರುವ ಕಡೆಯಲ್ಲೆಲ್ಲ ಇದನ್ನೇ ಮಾಡಬೇಕೆಂದಿತು. ಒಂದೊಂದು ಕೌನ್ಸಿಲಿಗೂ ಸುಮಾರು 5 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆ ಇರಬೇಕೆಂಬ ಅಳತೆಯನ್ನೂ ಕೊಟ್ಟಿತು.

ಇದರ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಜನರಿಗೆ ಗೊಂದಲ ತಪ್ಪುತ್ತದೆ. ಒಂದೇ ಕೆಲಸಕ್ಕೆ ಎರಡು ಕಚೇರಿ, ಇಬ್ಬರು ಮುಖ್ಯಾಧಿಕಾರಿಗಳ ಖರ್ಚು ಉಳಿಯುತ್ತದೆ. ವಸತಿ ಒಬ್ಬರ ಕೈಯಲ್ಲಿ, ವೃದ್ಧರ ಆರೈಕೆ ಇನ್ನೊಬ್ಬರ ಕೈಯಲ್ಲಿ ಇದ್ದಾಗ ನಡುವೆ ಬಿದ್ದುಹೋಗುವುದು ಬಡವರೇ. ಆದ್ದರಿಂದ ನನ್ನ ತಕರಾರು ಏಕಸ್ತರದ ಬಗ್ಗೆ ಅಲ್ಲ. ಅದು ಬಂದ ದಾರಿಯ ಬಗ್ಗೆ ಮತ್ತು ಅದರ ಮೊದಲ ಚುನಾವಣೆಗೆ ನಾವು ಕೊಡುವ ಅರ್ಥದ ಬಗ್ಗೆ.

ದಕ್ಷಿಣ ಕರಾವಳಿಯ ಕ್ರೈಸ್ಟ್‌ಚರ್ಚ್ ಪಟ್ಟಣದ ಉದಾಹರಣೆ ನೋಡಿ. ಇದನ್ನು ಪಕ್ಕದ ಬೋರ್ನ್‌ಮತ್ ಮತ್ತು ಪೂಲ್ ಜೊತೆ ಸೇರಿಸುವ ಯೋಜನೆ ಬಂದಾಗ ಅಲ್ಲಿನ ಕೌನ್ಸಿಲ್ 2017ರ ಡಿಸೆಂಬರಿನಲ್ಲಿ ತಾನೇ ಒಂದು ಜನಾಭಿಪ್ರಾಯ ಸಂಗ್ರಹ ಮಾಡಿತು. ಅರ್ಧಕ್ಕಿಂತ ಹೆಚ್ಚು ಮತದಾರರು ಭಾಗವಹಿಸಿದರು. ಅವರಲ್ಲಿ ಶೇಕಡಾ 84ರಷ್ಟು ಮಂದಿ ಬೇಡ ಎಂದರು. ಕೌನ್ಸಿಲ್ ಹೈಕೋರ್ಟಿಗೂ ಹೋಗಿ 2018ರಲ್ಲಿ ಸೋತಿತು. 2019ರ ಏಪ್ರಿಲ್ 1ರಂದು ಕ್ರೈಸ್ಟ್‌ಚರ್ಚ್ ಕೌನ್ಸಿಲ್ ಮುಚ್ಚಿತು. ಮೇ 2ರಂದು ಹೊಸ ಕೌನ್ಸಿಲಿನ 76 ಸ್ಥಾನಗಳಿಗೆ ಚುನಾವಣೆ ನಡೆಯಿತು. ಕನ್ಸರ್ವೇಟಿವ್‌ಗೆ 36 ಬಂತು, ಬಹುಮತ ಯಾರಿಗೂ ಬರಲಿಲ್ಲ. ಸಾಮರ್ಸೆಟ್‌ನಲ್ಲೂ ಇದೇ ಕಥೆ. ಅಲ್ಲಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳು 2021ರಲ್ಲಿ ತಾವೇ ಮತ ಸಂಗ್ರಹಿಸಿದಾಗ ಮತ ಹಾಕಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಎರಡು ಕೌನ್ಸಿಲ್‌ಗಳ ಪ್ರಸ್ತಾಪವನ್ನು ಒಪ್ಪಿದರು. ಸರಕಾರ ಇಡೀ ಕೌಂಟಿಗೆ ಒಂದೇ ಕೌನ್ಸಿಲ್ ಮಾಡಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. 2011ರ ಸ್ಥಳೀಯತಾ ಕಾಯಿದೆಯ ಪ್ರಕಾರ ಒಂದು ಕೌನ್ಸಿಲ್ ತನ್ನ ಮನೆತೆರಿಗೆಯನ್ನು ಕೇಂದ್ರ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಿಸಬೇಕಾದರೆ ಜನಮತಗಣನೆ ಮಾಡಲೇಬೇಕು. 2023-24ರಿಂದ ಸಾಮಾಜಿಕ ಆರೈಕೆ ನೋಡಿಕೊಳ್ಳುವ ಕೌನ್ಸಿಲ್‌ಗಳಿಗೆ ಆ ಮಿತಿ ವರ್ಷಕ್ಕೆ ಶೇಕಡಾ 5ರ ಹತ್ತಿರ ಇದೆ. ಆ ತೆರಿಗೆಯಾದರೂ ಇಂದಿಗೂ 1991ರ ಏಪ್ರಿಲಿನ ಮನೆ ಬೆಲೆಗಳ ಆಧಾರದ ಮೇಲೆಯೇ ನಿಂತಿದೆ. ಅಂದರೆ ತೆರಿಗೆಯನ್ನು ಆರು ಪೈಸೆ ಏರಿಸಲು ಜನರನ್ನು ಕೇಳಬೇಕು, ಆದರೆ ಆ ಜನರ ಕೌನ್ಸಿಲನ್ನೇ ಅಳಿಸಿಹಾಕಲು ಕೇಳಬೇಕಾಗಿಲ್ಲ. ಜನಾಭಿಪ್ರಾಯವನ್ನು ಒಂದು ಕಡೆ ಬೇಲಿಯಾಗಿ ಬಳಸುವ ಪ್ರಭುತ್ವ ಇನ್ನೊಂದು ಕಡೆ ಅದನ್ನು ಗುಡಿಸಿ ಹಾಕುತ್ತದೆ. ಹೊಸ ಕೌನ್ಸಿಲಿಗೆ ನಡೆಯುವ ಮೊದಲ ಚುನಾವಣೆಯಲ್ಲಿ ಮತದಾರನಿಗೆ ಸಿಗುವುದು ಮನೆಯನ್ನು ಯಾರು ನೋಡಿಕೊಳ್ಳಬೇಕು ಎಂದು ಹೇಳುವ ಹಕ್ಕು ಮಾತ್ರ. ಮನೆ ಯಾವುದು, ಅದರ ಗೋಡೆ ಎಲ್ಲಿ, ಖರ್ಚಿಗೆಷ್ಟು ಎಂಬುದೆಲ್ಲ ಅಷ್ಟು ಹೊತ್ತಿಗೆ ಲಂಡನ್ನಿನಲ್ಲಿ ತೀರ್ಮಾನವಾಗಿರುತ್ತದೆ.

ವಿನಿಫ್ರೆಡ್ ಹೋಲ್ಟ್‌ಬಿಯ ‘ಸೌತ್ ರೈಡಿಂಗ್’ ಕಾದಂಬರಿ ನೆನಪಾಗುವುದು ಈ ಹಿನ್ನೆಲೆಯಲ್ಲಿ. ಹೋಲ್ಟ್‌ಬಿ 1935ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡಳು. ಕಾದಂಬರಿ ಮರುವರ್ಷ ಪ್ರಕಟವಾಯಿತು. ಯಾರ್ಕ್‌ಶೈರನ್ನು ಹಿಂದೆ ನಾರ್ತ್, ಈಸ್ಟ್, ವೆಸ್ಟ್ ಎಂದು ಮೂರು ರೈಡಿಂಗ್‌ಗಳಾಗಿ ವಿಂಗಡಿಸಿದ್ದರು. ರೈಡಿಂಗ್ ಎಂದರೇ ಮೂರನೇ ಒಂದು ಪಾಲು. ದಕ್ಷಿಣದ ರೈಡಿಂಗ್ ಎಂಬುದು ಯಾವತ್ತೂ ಇರಲಿಲ್ಲ, ಅದು ಲೇಖಕಿ ಕಟ್ಟಿಕೊಂಡ ನಾಡು. ಆದರೆ ಅದರ ಮಣ್ಣೆಲ್ಲ ಈಸ್ಟ್ ರೈಡಿಂಗಿನದು. ಅಲ್ಲಿನ ಕೌಂಟಿ ಕೌನ್ಸಿಲಿನಲ್ಲಿ ಆಲ್ಡರ್ಮನ್ ಪದವಿಗೇರಿದ ಮೊದಲ ಮಹಿಳೆ ಹೋಲ್ಟ್‌ಬಿಯ ತಾಯಿ ಆಲಿಸ್. ಪುಸ್ತಕದ ಆರಂಭದಲ್ಲಿ ಮಗಳು ತಾಯಿಗೆ ಬರೆದ ಪತ್ರವಿದೆ.

ಈ ಕಾದಂಬರಿಯ ಎಂಟು ಭಾಗಗಳಿಗೆ ಎಂಟು ಕೌನ್ಸಿಲ್ ಸಮಿತಿಗಳ ಹೆಸರಿದೆ: ಶಿಕ್ಷಣ, ರಸ್ತೆ ಮತ್ತು ಸೇತುವೆ, ಕೃಷಿ, ಸಾರ್ವಜನಿಕ ಆರೋಗ್ಯ, ಬಡವರ ನೆರವು, ಬುದ್ಧಿಮಾಂದ್ಯತೆ, ಹಣಕಾಸು, ವಸತಿ. ನಡಾವಳಿ ಪುಸ್ತಕದ ಈ ಒಣ ಶೀರ್ಷಿಕೆಗಳ ಅಡಿಯಲ್ಲಿ ಅವಳು ಪ್ರೇಮ, ಸಾವು, ಹೆರಿಗೆ, ಹುಚ್ಚು, ಆಸೆಬುರುಕತನ ಎಲ್ಲವನ್ನೂ ತುಂಬಿದಳು. ಕೌನ್ಸಿಲಿನಲ್ಲಿ ಜಮೀನುದಾರ ಕಾರ್ನ್ ಇದ್ದಾನೆ, ಕ್ಷಯ ಹಿಡಿದ ಸಮಾಜವಾದಿ ಆಸ್ಟೆಲ್ ಇದ್ದಾನೆ, ಉಪದೇಶ ಮಾಡುತ್ತಲೇ ಭೂಮಿ ವ್ಯವಹಾರಕ್ಕೆ ಬೀಳುವ ಹಗಿನ್ಸ್ ಇದ್ದಾನೆ. ಇವರ ಎದುರು, ಊರಾಚೆಯ ಜೋಪಡಿಗಳಲ್ಲಿ, ಲಿಡಿಯಾ ಹಾಲಿ ಎಂಬ ಬುದ್ಧಿವಂತ ಹುಡುಗಿ ಇದ್ದಾಳೆ. ಹೆರಿಗೆಯಲ್ಲಿ ತಾಯಿ ಸತ್ತಾಗ ತಮ್ಮತಂಗಿಯರನ್ನು ನೋಡಿಕೊಳ್ಳಲು ಅವಳು ಹೈಸ್ಕೂಲು ಬಿಡಬೇಕಾಗುತ್ತದೆ. ಸ್ಥಳೀಯ ಆಡಳಿತವೆಂದರೆ ಬಡತನ, ಕಾಯಿಲೆ, ಅಜ್ಞಾನಗಳ ಎದುರು ಒಂದು ಸಮುದಾಯ ನಿಲ್ಲಿಸುವ ಮೊದಲ ಕಾವಲು ಎಂಬುದು ಹೋಲ್ಟ್‌ಬಿಯ ದೃಢ ನಂಬಿಕೆ.

ಆದರೆ ಕಾದಂಬರಿಯ ಕಥೆ ಆ ನಂಬಿಕೆಯನ್ನು ಪೂರ್ತಿ ಎತ್ತಿಹಿಡಿಯುವುದಿಲ್ಲ. ಹೆಚ್ಚಿನ ವಿಮರ್ಶಕರು ಈ ಕೃತಿಯನ್ನು ಸ್ಥಳೀಯ ಆಡಳಿತದ ಹಾಡು ಎಂಬಂತೆ ಓದುತ್ತಾರೆ. ಲಿಡಿಯಾ ಮತ್ತೆ ಶಾಲೆಗೆ ಹೋಗುವುದು ಹೇಗೆ? ಯಾವ ಸಮಿತಿಯ ಠರಾವಿನಿಂದಲೂ ಅಲ್ಲ. ವಿಧವೆಯೊಬ್ಬಳು ಅವಳ ಅಪ್ಪನನ್ನು ಮದುವೆಯಾಗಿ ಮನೆ ನೋಡಿಕೊಳ್ಳಲು ಬರುತ್ತಾಳೆ, ಅದರಿಂದ. ಕೌನ್ಸಿಲ್ ಮಾಡಬೇಕಾದ ಕೆಲಸವನ್ನು ಒಂದು ಅದೃಷ್ಟದ ಮದುವೆ ಮಾಡುತ್ತದೆ. ಹೋಲ್ಟ್‌ಬಿ ದೊಡ್ಡ ಲೇಖಕಿಯಾಗುವುದು ಇಲ್ಲಿಯೇ. ಅವಳ ಆದರ್ಶ ಒಂದು ಮಾತು ಹೇಳಿದರೆ ಅವಳ ಪ್ರಾಮಾಣಿಕ ಕಣ್ಣು ಇನ್ನೊಂದನ್ನು ಕಾಣುತ್ತದೆ. ಅಷ್ಟು ಹತ್ತಿರವಿದ್ದ, ಹೆಸರು ಹಿಡಿದು ಕರೆಯಬಹುದಾಗಿದ್ದ ಕೌನ್ಸಿಲರ್‌ಗಳಿಗೇ ಲಿಡಿಯಾ ಕಾಣಿಸದೆ ಹೋದಳು. ಇನ್ನು ಆ ಕೌನ್ಸಿಲ್ ದೂರ ಸರಿದರೆ ಏನಾದೀತು?

ಅದು ದೂರ ಸರಿದದ್ದೂ ಹೌದು. ಹೋಲ್ಟ್‌ಬಿ ಕಂಡ ಈಸ್ಟ್ ರೈಡಿಂಗ್ ಕೌಂಟಿ ಕೌನ್ಸಿಲ್ 1974ರಲ್ಲಿ ಅಳಿಯಿತು. ನದಿಯಾಚೆಯ ಲಿಂಕನ್‌ಶೈರಿನ ಭಾಗವನ್ನೂ ಸೇರಿಸಿ ಹಂಬರ್‌ಸೈಡ್ ಎಂಬ ಹೊಸ ಕೌಂಟಿ ಮಾಡಿದರು. ಅಲ್ಲಿನ ಬಹಳಷ್ಟು ಜನ ಆ ಹೆಸರನ್ನು ಒಪ್ಪಿಕೊಳ್ಳಲೇ ಇಲ್ಲ. 1996ರಲ್ಲಿ ಹಂಬರ್‌ಸೈಡ್ ರದ್ದಾಗಿ ಈಸ್ಟ್ ರೈಡಿಂಗ್ ಆಫ್ ಯಾರ್ಕ್‌ಶೈರ್ ಎಂಬ ಹಳೆಯ ಹೆಸರಿನ ಹೊಸ ಏಕಸ್ತರದ ಕೌನ್ಸಿಲ್ ಬಂತು. ಅದರ ಸದಸ್ಯರನ್ನು ಒಂದು ವರ್ಷ ಮೊದಲೇ, 1995ರ ಮೇ ತಿಂಗಳಲ್ಲಿ ಚುನಾಯಿಸಿದ್ದರು. ಕುಂಬ್ರಿಯಾದಲ್ಲೂ ಹೀಗೆಯೇ. 1974ರಲ್ಲಿ ಕಣ್ಮರೆಯಾದ ಕಂಬರ್‌ಲ್ಯಾಂಡ್, ವೆಸ್ಟ್‌ಮರ್‌ಲ್ಯಾಂಡ್ ಎಂಬ ಹೆಸರುಗಳು 2023ರಲ್ಲಿ ಎರಡು ಹೊಸ ಕೌನ್ಸಿಲ್‌ಗಳಿಗೆ ಅಂಟಿಕೊಂಡು ಮರಳಿದವು. 2022ರ ಮೇ ಚುನಾವಣೆಯಲ್ಲಿ ಕಂಬರ್‌ಲ್ಯಾಂಡಿನ 46 ಸ್ಥಾನಗಳಲ್ಲಿ 30 ಲೇಬರಿಗೆ, ವೆಸ್ಟ್‌ಮರ್‌ಲ್ಯಾಂಡ್ ಮತ್ತು ಫರ್ನೆಸ್‌ನ 65ರಲ್ಲಿ 36 ಲಿಬರಲ್ ಡೆಮಾಕ್ರಾಟರಿಗೆ ಹೋದವು. ಗೆದ್ದವರು ಹನ್ನೊಂದು ತಿಂಗಳ ಕಾಲ ‘ನೆರಳು ಕೌನ್ಸಿಲ್’ ಆಗಿದ್ದರು. ಹೆಸರನ್ನು ಮರಳಿಸುವುದು ಸುಲಭ, ಅದಕ್ಕೆ ಖರ್ಚಿಲ್ಲ. ಹಳೆಯ ಹೆಸರು ಬಂದಾಗ ಹಳೆಯ ಹತ್ತಿರ ಬಂದಂತೆ ಜನರಿಗೆ ಭಾಸವಾಗುತ್ತದೆ, ಅಷ್ಟೆ.

ಹತ್ತಿರ ಎಂಬುದನ್ನು ಅಂಕಿಗಳಲ್ಲಿ ನೋಡೋಣ. ನಾರ್ತ್ ಯಾರ್ಕ್‌ಶೈರ್ ಕೌನ್ಸಿಲಿನ ವಿಸ್ತಾರ ಸುಮಾರು 8,000 ಚದರ ಕಿಲೋಮೀಟರ್, ಜನಸಂಖ್ಯೆ 6 ಲಕ್ಷಕ್ಕೂ ಮಿಗಿಲು. ಹಿಂದೆ ಕೌಂಟಿ ಮತ್ತು ಏಳು ಡಿಸ್ಟ್ರಿಕ್ಟ್‌ಗಳಲ್ಲಿ ಒಟ್ಟು ಸುಮಾರು 300 ಕೌನ್ಸಿಲರ್ ಸ್ಥಾನಗಳಿದ್ದವು, ಈಗ 90. ಕಡಲತೀರದ ಸ್ಕಾರ್ಬರೋದಿಂದ ಕೌನ್ಸಿಲಿನ ಕೇಂದ್ರವಾದ ನಾರ್ತಲರ್ಟನ್ನಿಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಕೊರತೆ ಕಂಡ ಮೇಲೆ ಸ್ಕಾರ್ಬರೋ ಮತ್ತು ಹ್ಯಾರೋಗೇಟ್ ಪಟ್ಟಣಗಳಿಗೆ ಟೌನ್ ಕೌನ್ಸಿಲ್‌ಗಳನ್ನು ಕೊಟ್ಟರು, ಅವಕ್ಕೆ 2025ರ ಮೇ ತಿಂಗಳಲ್ಲಿ ಮೊದಲ ಚುನಾವಣೆ ನಡೆಯಿತು. ಆದರೆ ಅವುಗಳ ಅಧಿಕಾರ ಗ್ರಾಮಮಟ್ಟದ ಪ್ಯಾರಿಷ್ ಕೌನ್ಸಿಲಿನಷ್ಟೇ. ವಸತಿಯೂ ಕಟ್ಟಡ ಪರವಾನಗಿಯೂ ಅವುಗಳ ಕೈಗೆ ಮರಳಲಿಲ್ಲ.

ಬಕಿಂಗ್‌ಹ್ಯಾಂಶೈರ್ ಇನ್ನೊಂದು ಉದಾಹರಣೆ. ಅಲ್ಲಿ ಹೊಸ ಕೌನ್ಸಿಲ್ 2020ರ ಏಪ್ರಿಲಿನಲ್ಲಿ ಶುರುವಾಯಿತು. ಕೋವಿಡ್ ಕಾರಣ ಚುನಾವಣೆ ಒಂದು ವರ್ಷ ಮುಂದೆ ಹೋಗಿ, ಹಳೆಯ ಕೌನ್ಸಿಲರ್‌ಗಳೇ ಸುಮಾರು 200 ಮಂದಿ ಕೂತು ಆಳಿದರು. 2021ರ ಮೇ ತಿಂಗಳ ಮೊದಲ ಚುನಾವಣೆಯಲ್ಲಿ ಸ್ಥಾನಗಳು 147 ಆದವು. 2025ರಲ್ಲಿ ಅವು 97ಕ್ಕೆ ಇಳಿದವು. ಈ ಕೌಂಟಿಯ ಹೈ ವಿಕಂಬ್ ಪಟ್ಟಣದಲ್ಲಿ ಪಾಕಿಸ್ತಾನ ಮತ್ತು ಮೀರ್‌ಪುರ ಸೀಮೆಯಿಂದ ಬಂದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಕೆರಿಬಿಯನ್ ಮೂಲದವರೂ ಇದ್ದಾರೆ. ಹಳೆಯ ವಿಕಂಬ್ ಡಿಸ್ಟ್ರಿಕ್ಟಿನಲ್ಲಿ ಅವರ ಮತ ತೂಕದ್ದಾಗಿತ್ತು. ಐದೂವರೆ ಲಕ್ಷ ಜನರ ಕೌಂಟಿಯಲ್ಲಿ ಅದೇ ಮತ ಸಮುದ್ರಕ್ಕೆ ಹಾಕಿದ ಉಪ್ಪಿನಂತೆ ಕರಗುತ್ತದೆ. ಯಾರೂ ದ್ವೇಷದಿಂದ ಹೀಗೆ ಮಾಡಲಿಲ್ಲ, ಭೂಪಟದ ಗೆರೆ ಮಾಡಿತು. ಆದರೆ ಅಲ್ಪಸಂಖ್ಯಾತರು ಎಲ್ಲಿದ್ದರೂ ಅರಿತಿರಬೇಕಾದ ಸತ್ಯ ಇದು: ಗೆರೆ ಎಳೆಯುವ ಕೈಯನ್ನು ಕೇಳದೆ ಮತಪೆಟ್ಟಿಗೆಯನ್ನಷ್ಟೇ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಈ ಮಾತು ಅಲ್ಲಿ ನೆಲೆಸಿದ ಕನ್ನಡಿಗರಿಗೂ ಸಂಬಂಧಿಸಿದ್ದು. ಬ್ರಿಟಿಷ್ ಪೌರತ್ವ ಇಲ್ಲದಿದ್ದರೂ, ಕಾಮನ್‌ವೆಲ್ತ್ ದೇಶವಾದ ಭಾರತದ ಪ್ರಜೆಗಳು ಕಾನೂನುಬದ್ಧವಾಗಿ ಇಂಗ್ಲೆಂಡಿನಲ್ಲಿ ವಾಸವಿದ್ದರೆ ಈ ಚುನಾವಣೆಗಳಲ್ಲಿ ಮತ ಹಾಕಬಹುದು. ಕಲಬುರಗಿ ಮೂಲದ ವೈದ್ಯ ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್ ಕೌನ್ಸಿಲಿನ ಸದಸ್ಯರಾಗಿ, 2010ರಲ್ಲಿ ಮೇಯರ್ ಆದದ್ದು ನಮಗೆ ಗೊತ್ತಿದೆ. ಹೋಲ್ಟ್‌ಬಿಯ ಕಾಲದಲ್ಲಿ ಊಹಿಸಲಾಗದಿದ್ದ ಈ ಬಾಗಿಲು ತೆರೆದಿದೆ. ಬಾಗಿಲು ತೆರೆಯುವ ಹೊತ್ತಿಗೆ ಒಳಗಿನ ಕೋಣೆಗಳು ಕಡಿಮೆಯಾಗುತ್ತಿವೆ ಎಂಬುದು ವಿಪರ್ಯಾಸ.

ಹಾಗಾದರೆ ಚಿಕ್ಕದೆಲ್ಲ ಒಳ್ಳೆಯದೇ? ಜೆ. ಕೆ. ರೌಲಿಂಗ್ 2012ರಲ್ಲಿ ಬರೆದ ‘ದಿ ಕ್ಯಾಶುಯಲ್ ವೇಕೆನ್ಸಿ’ ಇಲ್ಲ ಎನ್ನುತ್ತದೆ. ಪ್ಯಾಗ್‌ಫರ್ಡ್ ಎಂಬ ಚಿಕ್ಕ ಊರಿನ ಪ್ಯಾರಿಷ್ ಕೌನ್ಸಿಲರ್ ಸತ್ತು ತೆರವಾದ ಒಂದು ಸ್ಥಾನಕ್ಕೆ ನಡೆಯುವ ಚುನಾವಣೆಯೇ ಕಥೆ. ಊರಿನ ಅಂಚಿನಲ್ಲಿರುವ ಬಡವರ ಕಾಲೊನಿಯನ್ನು ಪಕ್ಕದ ನಗರಕ್ಕೆ ದಾಟಿಸಿ, ಮಾದಕ ವ್ಯಸನಿಗಳ ಚಿಕಿತ್ಸಾಲಯವನ್ನು ಮುಚ್ಚಿಸುವುದು ಕೌನ್ಸಿಲಿನ ಮುಖ್ಯಸ್ಥ, ದಿನಸಿ ವ್ಯಾಪಾರಿ ಹೊವಾರ್ಡ್ ಮಾಲಿಸನ್‌ನ ಆಸೆ. ಅದನ್ನು ವಿರೋಧಿಸುವವರಲ್ಲಿ ಒಬ್ಬಳು ಸಿಖ್ ವೈದ್ಯೆ ಪರ್ಮಿಂದರ್ ಜವಾಂದಾ. ರಣರಂಗದಲ್ಲಿ ಶತ್ರುಗಳಿಗೂ ನೀರು ಕೊಟ್ಟ ಭಾಯಿ ಕನ್ಹಯ್ಯನ ಆದರ್ಶವನ್ನು ರೌಲಿಂಗ್ ಆ ಮನೆಯ ಮೂಲಕ ಕಥೆಯೊಳಗೆ ತರುತ್ತಾಳೆ. ಇಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಆದರೂ ಕಾಲೊನಿಯ ಹುಡುಗಿ ಕ್ರಿಸ್ಟಲ್ ವೀಡನ್ನಳನ್ನು ಆ ಪರಿಚಯ ಉಳಿಸುವುದಿಲ್ಲ. ಪರಿಚಯವೇ ಅಲ್ಲಿ ತಿರಸ್ಕಾರದ ಸಾಧನ. ಕಾದಂಬರಿಯಾಗಿ ಇದು ಹೋಲ್ಟ್‌ಬಿಯ ಎತ್ತರಕ್ಕೆ ಏರುವುದಿಲ್ಲ. ಸಿಟ್ಟು ಹೆಚ್ಚಾಗಿ ಪಾತ್ರಗಳು ಕೆಲವೊಮ್ಮೆ ಗುರಿಹಲಗೆಗಳಾಗಿಬಿಡುತ್ತವೆ. ಆದರೆ ಊರಿನ ಗಡಿ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಚುನಾವಣೆಯ ಮಧ್ಯಕ್ಕೆ ತಂದು ಇಟ್ಟ ಕೃತಿ ಇದು.

ಉರ್ದು ಓದಿದವರಿಗೆ ಇಲ್ಲಿ ಗುಲಾಂ ಅಬ್ಬಾಸರ ‘ಆನಂದಿ’ ಕಥೆ ನೆನಪಾಗದೆ ಇರದು. ಶ್ಯಾಮ್ ಬೆನಗಲ್ಲರ ‘ಮಂಡಿ’ ಚಿತ್ರ ಇದನ್ನೇ ಆಧರಿಸಿದ್ದು. ಕಥೆ ತೆರೆಯುವುದೇ ಬಲ್ದಿಯಾದ, ಅಂದರೆ ಪುರಸಭೆಯ ತುಂಬಿದ ಸಭೆಯಲ್ಲಿ. ವೇಶ್ಯೆಯರನ್ನು ಊರಿನ ನಡುವಿನಿಂದ ಹೊರಹಾಕಬೇಕೆಂದು ಗಣ್ಯರೆಲ್ಲ ಒಮ್ಮತದಿಂದ ತೀರ್ಮಾನಿಸುತ್ತಾರೆ. ಹೆಂಗಸರು ದೂರದ ಪಾಳುಜಾಗಕ್ಕೆ ಹೋಗುತ್ತಾರೆ. ಅವರ ಸುತ್ತ ಮೊದಲು ಅಂಗಡಿ, ಆಮೇಲೆ ಮಸೀದಿ, ಶಾಲೆ, ಠಾಣೆ ಬಂದು ದೊಡ್ಡ ನಗರವೇ ಬೆಳೆಯುತ್ತದೆ. ಕೊನೆಯಲ್ಲಿ ಆ ಹೊಸ ನಗರದ ಬಲ್ದಿಯಾ ಸಭೆ ಸೇರಿ, ಇವರನ್ನು ಇನ್ನೂ ದೂರಕ್ಕೆ ಕಳಿಸುವ ಬಗ್ಗೆ ಚರ್ಚಿಸುತ್ತಿರುತ್ತದೆ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಹೊಳೆಯುತ್ತದೆ. ಹೋಲ್ಟ್‌ಬಿ ಮತ್ತು ರೌಲಿಂಗ್ ಇಬ್ಬರಲ್ಲೂ ಬಡವರು ಕೌನ್ಸಿಲಿನ ಕರುಣೆಗೋ ಕ್ರೌರ್ಯಕ್ಕೋ ಪಾತ್ರರು. ಲಿಡಿಯಾ ಆಗಲಿ ಕ್ರಿಸ್ಟಲ್ ಆಗಲಿ ಸಭೆಯ ಬಾಗಿಲು ತಟ್ಟುವುದಿಲ್ಲ. ಅಬ್ಬಾಸರ ಕಥೆಯಲ್ಲಿ ಹೊರದಬ್ಬಿಸಿಕೊಂಡವರೇ ಊರು ಕಟ್ಟುತ್ತಾರೆ, ಬಲ್ದಿಯಾ ಆಮೇಲೆ ಬಂದು ಅಧಿಕಾರ ಚಲಾಯಿಸುತ್ತದೆ. ಊರು ಮೊದಲು, ಕೌನ್ಸಿಲ್ ನಂತರ ಎಂಬ ಈ ಸರಳ ಅನುಕ್ರಮವನ್ನು ಇಂಗ್ಲೆಂಡಿನ ಸುಧಾರಣೆಗಳು ತಲೆಕೆಳಗು ಮಾಡಿವೆ. ಅಲ್ಲಿ ಮೊದಲು 5 ಲಕ್ಷದ ಅಳತೆ ಬರುತ್ತದೆ, ಆ ಅಳತೆಗೆ ಊರುಗಳನ್ನು ಹೊಂದಿಸುತ್ತಾರೆ.

ಇದರ ಹಿಂದೆ ಹಣದ ಒತ್ತಡ ಇದೆ. ನಾರ್ಥ್ಯಾಂಪ್ಟನ್‌ಶೈರ್ ಕೌಂಟಿ 2018ರ ಫೆಬ್ರವರಿಯಲ್ಲಿ, ಹೊಸ ಖರ್ಚು ಸಾಧ್ಯವಿಲ್ಲ ಎಂಬ ಸೆಕ್ಷನ್ 114 ನೋಟೀಸು ಹೊರಡಿಸಿತು. ಅದನ್ನು ಅಳಿಸಿ 2021ರಲ್ಲಿ ಎರಡು ಹೊಸ ಕೌನ್ಸಿಲ್ ಮಾಡಿದರು. 2010ರ ನಂತರ ಕೇಂದ್ರದ ಅನುದಾನ ತೀವ್ರವಾಗಿ ಇಳಿಯಿತು, ವೃದ್ಧರ ಮತ್ತು ಮಕ್ಕಳ ಆರೈಕೆಯ ಖರ್ಚು ಏರುತ್ತಲೇ ಹೋಯಿತು. ಕೌನ್ಸಿಲ್‌ಗಳನ್ನು ಒಗ್ಗೂಡಿಸಿದರೆ ಅಧಿಕಾರಿಗಳ ಸಂಬಳ ಉಳಿದೀತು, ಆದರೆ ಮುದುಕರ ಸಂಖ್ಯೆ ಕಡಿಮೆಯಾಗದು. ಹೀಗಿರುವಾಗ ಹೊಸ ಕೌನ್ಸಿಲಿಗೆ ಆರಿಸಿ ಬಂದವರು ಆಳುವವರು ಎನ್ನುವುದಕ್ಕಿಂತ ಕಡಿತದ ಪಟ್ಟಿಗೆ ಸಹಿ ಹಾಕುವವರಾಗುವ ಅಪಾಯವೇ ಹೆಚ್ಚು. ಸ್ಥಳೀಯ ಚುನಾವಣೆಗಳಲ್ಲಿ ಮೂರರಲ್ಲಿ ಒಬ್ಬರ ಆಸುಪಾಸು ಮತ ಹಾಕುವುದು ಅಲ್ಲಿನ ವಾಡಿಕೆ. ಅದನ್ನು ಜನರ ಸೋಮಾರಿತನ ಎಂದು ಬೈಯುವ ಮೊದಲು, ಅವರ ಮತಕ್ಕೆ ಉಳಿಸಿರುವ ಕೆಲಸ ಎಷ್ಟು ಎಂದು ಕೇಳಬೇಕು.

2025ರಲ್ಲಿ ಇದೇ ಮರುಜೋಡಣೆಗಾಗಿ ಒಂಬತ್ತು ಕಡೆ ಮೇ ತಿಂಗಳ ಚುನಾವಣೆಗಳನ್ನೇ ಮುಂದೂಡಿದರು. ಅವುಗಳಲ್ಲಿ ಒಂದಾದ ಸರ್ರೆಯನ್ನು ಎರಡು ಏಕಸ್ತರದ ಕೌನ್ಸಿಲ್‌ಗಳಾಗಿ ಮಾಡುವ ತೀರ್ಮಾನ ಆ ವರ್ಷದ ಅಕ್ಟೋಬರಿನಲ್ಲಿ ಹೊರಬಿತ್ತು. ಹಳೆಯದಕ್ಕೆ ಮತವಿಲ್ಲ, ಹೊಸದು ಬೇಕೇ ಎಂಬುದಕ್ಕೂ ಮತವಿಲ್ಲ, ಹೊಸದು ಬಂದ ಮೇಲೆ ಅದರ ಕುರ್ಚಿಗಳಿಗೆ ಮಾತ್ರ ಮತ. ಪ್ರಜಾಪ್ರಭುತ್ವದ ತವರು ಎಂದು ಶಾಲೆಯಲ್ಲಿ ನಮಗೆ ಪಾಠ ಹೇಳಿದ ನಾಡಿನಲ್ಲಿ ಇದು ಇಷ್ಟು ಸದ್ದಿಲ್ಲದೆ ನಡೆಯುವುದು ಯೋಚಿಸಬೇಕಾದ ವಿಷಯ.

ಕೌನ್ಸಿಲ್ ದೊಡ್ಡದೋ ಚಿಕ್ಕದೋ ಎಂಬುದು ಕೊನೆಯ ಪ್ರಶ್ನೆಯಲ್ಲ. ಚಿಕ್ಕದರಲ್ಲಿ ಮಾಲಿಸನ್ ಇದ್ದಾನೆ, ದೊಡ್ಡದರಲ್ಲಿ ಎಪ್ಪತ್ತು ಕಿಲೋಮೀಟರಿನ ದಾರಿ ಇದೆ. ತೀರ್ಮಾನ ಮಾಡುವವನು ಆ ತೀರ್ಮಾನವನ್ನು ಅನುಭವಿಸುವವರ ಕೈಗೆ ಸಿಗುತ್ತಾನೆಯೇ, ಅವರು ಬೇಡವೆಂದರೆ ಅದು ಎಲ್ಲಾದರೂ ದಾಖಲಾಗುತ್ತದೆಯೇ ಎಂಬುದು ಪ್ರಶ್ನೆ. ಕ್ರೈಸ್ಟ್‌ಚರ್ಚಿನ ಶೇಕಡಾ 84 ಮಂದಿಗೆ ಉತ್ತರ ಸಿಕ್ಕಿತು. ಲಿಡಿಯಾ ಹಾಲಿಗೆ ಶಾಲೆ ಒಂದು ಮದುವೆಯಿಂದ ಮರಳಿ ಸಿಕ್ಕಿತು. ಈ ಹೊಸ ಕೌನ್ಸಿಲ್‌ಗಳ ಯಶಸ್ಸನ್ನು ಉಳಿತಾಯದ ಪೌಂಡುಗಳಲ್ಲಿ ಅಳೆಯುವವರು, ಅಂಥ ಹುಡುಗಿಗೆ ಶಾಲೆ ಅದೃಷ್ಟದಿಂದಲ್ಲದೆ ಹಕ್ಕಿನಿಂದ ಸಿಗುವ ದಿನ ಹತ್ತಿರವಾಯಿತೇ ದೂರವಾಯಿತೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿಯವರೆಗೆ ಆ ಮೊದಲ ಚುನಾವಣೆ, ಅದರ ಹೆಸರೇ ಹೇಳುವ ಹಾಗೆ, ನೆರಳಿನ ಚುನಾವಣೆಯೇ.